ನೀರು ಬಿಟ್ಟವನು ನಾನೇ ಎಂದಿಟ್ಟುಕೊಳ್ಳೋಣ

ಆ ನಾಲ್ಕು ಮಹಡಿಯ ಕಟ್ಟಡದಲ್ಲಿ ಆದ್ದರಿಂದಪ್ಪ ಎಂದರೆ ಯಾರೆಂದು ಯಾರೂ ಎರಡನೇ ಸಲ ಕೇಳುವುದಿಲ್ಲ. ಮೂರನೇ ಮಹಡಿ, ಎಡಗಡೆ ಬಾಗಿಲು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ, ಅದು ಈಗ ಕರೆಂಟ್ ಬಿಲ್ಲಿನ ಮೇಲೆ ಮಾತ್ರ ಉಳಿದಿದೆ. ಎಂಟು ತಿಂಗಳಿಂದ ಅವನು ಬಾಯಿ ಬಿಟ್ಟರೆ ಎರಡು ಮಾತಿಗೊಂದು "ಆದ್ದರಿಂದ" ಉದುರುತ್ತಿತ್ತು. "ಹಾಲು ಉಕ್ಕಿದೆ. ಉಕ್ಕಬೇಕಾದರೆ ಒಲೆ ಉರಿಯುತ್ತಿರಬೇಕು. ಆದ್ದರಿಂದ..." ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಅವನು ಮುಗಿಸುವಷ್ಟರಲ್ಲಿ ಅವನ ಹೆಂಡತಿ ಒಲೆ ಆರಿಸಿ, ಕಟ್ಟೆ ಒರೆಸಿ, ಒರೆಸಿದ ಬಟ್ಟೆಯನ್ನು ಹಿಂಡಿ ಹರವಿಯೂ ಆಗಿರುತ್ತಿತ್ತು.

ಇದಕ್ಕೆಲ್ಲ ಕಾರಣ ಅವನ ಕಚೇರಿ. ಒಂದು ಕಾಲೇಜಿನ ಕಂಪ್ಯೂಟರ್ ವಿಭಾಗದಲ್ಲಿ ಅವನು ಗುಮಾಸ್ತ. ಅಲ್ಲಿನ ಮೇಡಂ, ಗಣಿತದ ಪ್ರಮೇಯಗಳನ್ನು ತಾನಾಗಿಯೇ ಸಾಧಿಸಿ ತೋರಿಸುವ ಒಂದು ಕಂಪ್ಯೂಟರನ್ನು ಸಾಕುತ್ತಿದ್ದರು. ಸಾಕುತ್ತಿದ್ದರು ಎಂದೇ ಹೇಳಬೇಕು, ಅದಕ್ಕೆ ಹೊತ್ತು ಹೊತ್ತಿಗೆ ಹೇಳಿಕೆಗಳನ್ನು ತಿನ್ನಿಸಬೇಕಿತ್ತು. ತಿನ್ನಿಸುವವನು ನಮ್ಮ ಆದ್ದರಿಂದಪ್ಪ. ಮೇಡಂ ಬರೆದುಕೊಟ್ಟದ್ದನ್ನು ಸಾಲಿಗೊಂದರಂತೆ ಟೈಪ್ ಮಾಡುವುದು, ಪ್ರಿಂಟರಿಗೆ ಕಾಗದ ತರುವುದು, ಬಂದು ಹೋಗುವವರ ಹಾಜರಿ ಪುಸ್ತಕ ಬರೆಯುವುದು ಅವನ ಕೆಲಸ. ಕಟ್ಟಡದವರಿಗೆ ಮಾತ್ರ ಅವನು ಹೇಳಿದ್ದು ಬೇರೆ: "ಮಿಷನ್ನಿಗೆ ತರ್ಕ ಕಲಿಸ್ತಾ ಇದೀನಿ. ಮೊದಮೊದಲು ಸ್ವಲ್ಪ ಮೊಂಡು ಹಿಡಿಯಿತು. ಈಗ ಪರವಾಗಿಲ್ಲ."

ಮೇಡಂ ಒಂದು ದಿನ ಚಹಾ ಕುಡಿಯುತ್ತ ಅವನಿಗೆ ಮಿಷನ್ನಿನ ಗುಟ್ಟು ಹೇಳಿದ್ದರು. "ಸಾಧಿಸಬೇಕಾದ್ದನ್ನ ಇದು ನೇರವಾಗಿ ಹುಡುಕೋದಿಲ್ಲ ರೀ. ಅದರ ಉಲ್ಟಾ ಮಾತನ್ನ ಮೊದಲು ನಿಜ ಅಂತ ಇಟ್ಟುಕೊಳ್ಳುತ್ತೆ. ಅದನ್ನ ಗೊತ್ತಿರೋ ಸಂಗತಿಗಳ ಜೊತೆ ಜೋಡಿಸ್ತಾ ಹೋಗುತ್ತೆ. ಎಲ್ಲೋ ಒಂದು ಕಡೆ ಹೌದು, ಇಲ್ಲ ಎರಡೂ ಎದುರುಬದುರು ಬಂದು ಡಿಕ್ಕಿ ಹೊಡೀತಾವೆ. ಅದೇ ವಿರೋಧ. ವಿರೋಧ ಸಿಕ್ಕಿತು ಅಂದ್ರೆ ಉಲ್ಟಾ ಮಾತು ಸುಳ್ಳು, ನಮ್ಮ ಮಾತು ನಿಜ."

ಆ ದಿನದ ಚಹಾ ಅವನ ತಲೆಗೇರಿತು, ಇಳಿಯಲಿಲ್ಲ.

ಇನ್ನು ಬುಧವಾರದ ಕಥೆ. ಕಟ್ಟಡದ ತಾರಸಿಯ ಮೇಲೆ ಅವನ ಹೆಂಡತಿ ಇಪ್ಪತ್ತೆರಡು ಕುಂಡಗಳಲ್ಲಿ ಟೊಮೆಟೊ ಬೆಳೆಸಿದ್ದಳು. ಒಡೆದ ಬಕೆಟ್ಟು, ಬಣ್ಣದ ಡಬ್ಬ, ಮಗಳ ಹಳೆಯ ಸ್ನಾನದ ತೊಟ್ಟಿ, ಮಣ್ಣು ನಿಲ್ಲುವ ಯಾವುದನ್ನೂ ಅವಳು ಬಿಟ್ಟಿರಲಿಲ್ಲ. ಪ್ರತಿ ಗಿಡಕ್ಕೂ ಕೋಲು ಕೊಟ್ಟು, ಹಳೆಯ ಬಟ್ಟೆಯ ಅಂಚು ಹರಿದು ಕಟ್ಟಿದ್ದಳು. ಕಾಯಿ ದಪ್ಪವಾಗಿ, ಕೆಲವು ಆಗಲೇ ಕೆನ್ನೆ ಕೆಂಪು ಮಾಡಿಕೊಂಡಿದ್ದವು. ತಾರಸಿಯ ಬೀಗದ ಕೈ ಇದ್ದದ್ದು ಎರಡೇ ಮನೆಯಲ್ಲಿ: ಇವರದು ಒಂದು, ಕಟ್ಟಡದ ಸಂಘದ ಅಧ್ಯಕ್ಷರದು ಇನ್ನೊಂದು.

ಅಧ್ಯಕ್ಷರು ನಿವೃತ್ತ ಸ್ಟೇಷನ್ ಮಾಸ್ಟರ್. ರೈಲು ಅವರನ್ನು ಬಿಟ್ಟರೂ ಅವರು ಸೀಟಿಯನ್ನು ಬಿಟ್ಟಿರಲಿಲ್ಲ. ದಿನಾ ಮಧ್ಯಾಹ್ನ ಮೂರಕ್ಕೆ ಸೀಟಿ ಊದಿ ನೀರಿನ ಪಂಪ್ ಹಾಕುತ್ತಿದ್ದರು. ಆ ಬುಧವಾರವೂ ಹಾಕಿದರು. ಖಾಲಿಯಿದ್ದ ಟ್ಯಾಂಕು ತುಂಬಿತು, ಯಾರೋ ತೆರೆದಿಟ್ಟಿದ್ದ ತಾರಸಿಯ ನಲ್ಲಿಯಿಂದ ನೀರು ಧೋ ಎಂದು ಸುರಿಯಿತು, ಅಂಚು ದಾಟಿತು, ನೇರವಾಗಿ ಕೆಳಗಿನ ದರ್ಜಿ ಅಂಗಡಿಯ ಮುಂದೆ ನೇತುಹಾಕಿದ್ದ ಬ್ಯಾಂಡಿನವರ ಇಪ್ಪತ್ತನಾಲ್ಕು ಕೆಂಪು ಕೋಟುಗಳ ಮೇಲೆ ಇಳಿಯಿತು.

ದರ್ಜಿ ಹಾಕಿದ ಬೊಬ್ಬೆಗೆ ಎಲ್ಲರಿಗಿಂತ ಮೊದಲು ಮೇಲೆ ಓಡಿದವಳು ಆದ್ದರಿಂದಪ್ಪನ ಹೆಂಡತಿ. ನಲ್ಲಿ ಮುಚ್ಚಿದಳು. ಅಲ್ಲೇ ಬಗ್ಗಿ ಏನನ್ನೋ ಎತ್ತಿ ಕೈಚೀಲಕ್ಕೆ ಹಾಕಿಕೊಂಡಳು. ಆಮೇಲೆ ಕೆಳಗಿಳಿದು, ಕೋಟುಗಳನ್ನು ಹೊತ್ತು ತಂದು, ಟೊಮೆಟೊ ಕೋಲುಗಳ ನಡುವೆ ಹಗ್ಗ ಕಟ್ಟಿ ಒಣಹಾಕಿದಳು.

ಸಂಜೆ ಅಧ್ಯಕ್ಷರು ಮೆಟ್ಟಿಲ ಬುಡದಲ್ಲಿ ನಿಂತು ಸೀಟಿ ಊದಿದರು. "ಭಾನುವಾರ ಹನ್ನೊಂದು ಗಂಟೆಗೆ ವಿಚಾರಣೆ. ನಲ್ಲಿ ಬಿಟ್ಟದ್ದು ಬೀಗದ ಕೈ ಇರೋ ಮನೆಯವರೇ ಅಂತ ಗೊತ್ತಾದರೆ ಹನ್ನೆರಡಕ್ಕೆ ತಾರಸಿ ಖಾಲಿ. ಕುಂಡ, ಕೋಲು, ಹಗ್ಗ, ಎಲ್ಲ."

ಹೆಂಡತಿಯ ಮುಖ ಒಂದು ಗಳಿಗೆ ಸಣ್ಣಗಾಯಿತು. ಕೆಳಗೇ ಸುದ್ದಿಯೆಲ್ಲ ಕೇಳಿಕೊಂಡು ಐದೂವರೆಗೆ ಎಂದಿನಂತೆ ಮನೆಗೆ ಬಂದ ಗಂಡನ ಮುಂದೆ ಚಹಾ ಇಟ್ಟು ಅವಳು ಮೆಲ್ಲಗೆ ಕೇಳಿದಳು. "ರೀ, ನಿಮ್ಮ ಊಟದ ಡಬ್ಬಿ ಎಲ್ಲಿ?"

"ಡಬ್ಬಿ ಎಲ್ಲಿ ಹೋಗುತ್ತೆ, ಕಚೇರಿಯಲ್ಲಿರುತ್ತೆ. ಕಟ್ಟಡ ಮುಳುಗ್ತಾ ಇದೆ, ನಿನಗೆ ಡಬ್ಬಿ ಚಿಂತೆ!" ಎಂದು ಅವನು ಎದ್ದು ನಿಂತ. "ಬುಧವಾರ ನಾನು ಐದು ಗಂಟೆಯವರೆಗೆ ಕಚೇರಿಯಲ್ಲಿರ್ತೀನಿ. ಇವತ್ತು ಬುಧವಾರ. ಆದ್ದರಿಂದ ನಾನು ಕಚೇರಿಯಲ್ಲಿದ್ದೆ. ನಿನ್ನ ಕುಂಡ ಒಂದೂ ಅಲ್ಲಾಡದ ಹಾಗೆ ಸಾಧಿಸಿ ತೋರಿಸ್ತೀನಿ, ನೋಡ್ತಿರು."

"ಸಾಧಿಸೋದು ಬೇಡ ಕಣ್ರೀ. ಕೆಳಗೆ ಹೋಗಿ ದರ್ಜಿಯಣ್ಣನ ಹತ್ರ ಎರಡು ಮಾತಾಡಿ ಬನ್ನಿ."

"ಎರಡು ಮಾತಲ್ಲಿ ಆಗೋದಲ್ಲ ಇದು," ಎಂದು ಅವನು ಕಚೇರಿಯ ಪ್ರಿಂಟರಿಗೆಂದು ತಂದಿದ್ದ ಉದ್ದನೆಯ ಕಾಗದದ ಸುರುಳಿ ಬಿಚ್ಚಿದ.

ಗುರುವಾರ ಬೆಳಿಗ್ಗೆ ಕಟ್ಟಡದ ಸೂಚನಾ ಫಲಕದ ಮೇಲೆ ಆಳುದ್ದದ ಕಾಗದವೊಂದು ನೇತಾಡಿತು. ಅದರಲ್ಲಿ ದಪ್ಪ ಅಕ್ಷರದಲ್ಲಿ ಮೊದಲು "ನೀರು ಬಿಟ್ಟವನು ನಾನೇ" ಎಂದಿತ್ತು. ಜಾಗ ಸಾಲದೆ "ಎಂದಿಟ್ಟುಕೊಳ್ಳೋಣ" ಎಂಬುದು ಎರಡನೇ ಸಾಲಿಗೆ ಇಳಿದಿತ್ತು. ಅದರ ಕೆಳಗೆ ನಲವತ್ತು ಸಾಲು ತರ್ಕ, ಕೊನೆಗೆ "ವಿರೋಧ! ಆದ್ದರಿಂದ ನಾನಲ್ಲ." ಕಾಗದಕ್ಕೆ ಮೇಲೆ ಎರಡು ಪಿನ್ನು ಚುಚ್ಚಿ, ಕೆಳಗೆ ಚುಚ್ಚಲು ಪಿನ್ನು ಸಾಲದೆ, ಬಸ್ಸಿಗೆ ಹೊತ್ತಾಯಿತೆಂದು ಅವನು ಓಡಿದ. ಹೋಗುವಾಗ ಕೈಯಲ್ಲಿದ್ದದ್ದು ಎರಡನೇ ತರಗತಿಯ ಮಗಳ, ಬಾತುಕೋಳಿ ಚಿತ್ರದ ಊಟದ ಡಬ್ಬಿ.

ಸುರುಳಿಯಾಗಿಯೇ ಬೆಳೆದ ಕಾಗದಕ್ಕೆ ಸುರುಳಿಯಾಗುವುದೊಂದೇ ಗೊತ್ತು. ಅವನು ಬಸ್ಸು ಹತ್ತುವಷ್ಟರಲ್ಲಿ ಅದು ಕೆಳಗಿನಿಂದ ಸುತ್ತಿಕೊಳ್ಳುತ್ತ, ವಿರೋಧವನ್ನು ನುಂಗಿ, ನಲವತ್ತು ಸಾಲು ತರ್ಕವನ್ನು ನುಂಗಿ, "ಎಂದಿಟ್ಟುಕೊಳ್ಳೋಣ"ವನ್ನೂ ನುಂಗಿ, ಮೊದಲ ಸಾಲಿನ ಕೆಳಗೆ ಬಂದು ತೃಪ್ತಿಯಿಂದ ನಿಂತಿತು.

ನೀರು ಬಿಟ್ಟವನು ನಾನೇ.

ಸಂಜೆ ಅವನು ಬರುವಾಗ ದರ್ಜಿ ಅಂಗಡಿಯಿಂದ ಹಾರಿ ಬಂದು ತಬ್ಬಿಕೊಂಡ. ಕೊರಳಲ್ಲಿದ್ದ ಅಳತೆ ಟೇಪು ಇಬ್ಬರಿಗೂ ಸುತ್ತಿಕೊಂಡಿತು. "ಅಣ್ಣಾ! ಇಪ್ಪತ್ತೆಂಟು ವರ್ಷದಿಂದ ಹೊಲೀತಿದೀನಿ, ತಪ್ಪು ಒಪ್ಪಿಕೊಂಡ ಮನುಷ್ಯನನ್ನೇ ನೋಡಿರಲಿಲ್ಲ. ಹೊಟ್ಟೆ ಬೆಳೆದಿರುತ್ತೆ, ಪ್ಯಾಂಟು ಕುಗ್ಗಿತು ಅಂತಾರೆ. ನೀವು ದೊಡ್ಡವರು ಬಿಡಿ!"

"ಒಪ್ಪಿಕೊಂಡದ್ದಾ? ಯಾರು?"

"ಅದೇ ದೊಡ್ಡತನ ನೋಡಿ. ಒಪ್ಪಿಕೊಂಡದ್ದೂ ನೆನಪಿಲ್ಲ!"

ಎರಡನೇ ಮಹಡಿಯಲ್ಲಿ ನರ್ಸಮ್ಮ ಬಾಗಿಲಲ್ಲೇ ಕಾದಿದ್ದರು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಎಲ್ಲರ ನಾಡಿ ಹಿಡಿದ ಕೈಯಿಂದ ಇವನ ನಾಡಿಯನ್ನೂ ಹಿಡಿದರು. "ಸತ್ಯ ಹೇಳಿದ ಮೇಲೆ ನಾಡಿ ಹೇಗೆ ಸಮವಾಗಿದೆ ನೋಡಿ. ಒಳಗಿಟ್ಟುಕೊಂಡಿದ್ರೆ ರಕ್ತದೊತ್ತಡ ಏರ್ತಿತ್ತು."

"ನರ್ಸಮ್ಮ, ನಾನು ಬರೀ ಇಟ್ಟುಕೊಂಡದ್ದು!"

"ಇಟ್ಕೊಳ್ಳಬಾರದು ಅಂತಾನೇ ನಾನೂ ಹೇಳ್ತಿರೋದು."

ಮೂರನೇ ಮಹಡಿಯ ಮೆಟ್ಟಿಲಲ್ಲಿ ಅಧ್ಯಕ್ಷರು ಗಡಿಯಾರ ನೋಡುತ್ತ ನಿಂತಿದ್ದರು. "ಒಪ್ಪಿಗೆ ಬಂದಿದೆ. ಇನ್ನು ವಿಚಾರಣೆ ಬರೀ ಶಾಸ್ತ್ರಕ್ಕೆ. ಹನ್ನೆರಡಕ್ಕೆ ಕುಂಡ ಇಳಿಸೋಕೆ ಇಬ್ಬರು ಆಳು ಹೇಳಿದೀನಿ."

"ಸಾರ್, ಅದು ವಿಧಾನ ಸಾರ್! ನಾನಲ್ಲ ಅಂತ ಸಾಧಿಸೋಕೆ ಮೊದಲು ನಾನೇ ಅಂತ ಹೇಳಬೇಕು!"

ಅಧ್ಯಕ್ಷರು ಅವನನ್ನು ಮೇಲಿನಿಂದ ಕೆಳಕ್ಕೆ, ಬಾತುಕೋಳಿ ಡಬ್ಬಿಯವರೆಗೂ ನೋಡಿದರು. "ಮೂವತ್ತಾರು ವರ್ಷ ಸ್ಟೇಷನ್ ನಡೆಸಿದೀನಿ. ರೈಲು ಬರಲ್ಲ ಅಂತ ಹೇಳೋಕೆ ಮೊದಲು ಬಂತು ಅಂತ ಯಾವತ್ತೂ ಗಂಟೆ ಹೊಡೆದಿಲ್ಲ."

ಮನೆಯಲ್ಲಿ ಹೆಂಡತಿ ಕೊನೆಯ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಳು. "ರೀ, ಈಗಲಾದ್ರೂ ಆ ಸ್ಟೀಲ್ ಡಬ್ಬಿ..."

"ನೋಡೇ," ಎಂದು ಅವನು ತಾಳ್ಮೆಯಿಂದ ಹೇಳಿದ, ಅದು ಅವಳ ತಾಳ್ಮೆ ಎಂಬುದು ಅವನಿಗೆ ತಿಳಿಯದು. "ಇದರಲ್ಲಿ ಒಂದು ತಂತ್ರ ಇದೆ. ಸಿಕ್ಕಿದ್ದನ್ನೆಲ್ಲ ಸಿಕ್ಕಿದ್ದರ ಜೊತೆ ಜೋಡಿಸ್ತಾ ಕೂತರೆ ಯುಗ ಕಳೆದರೂ ಮುಗಿಯಲ್ಲ. ಪ್ರಶ್ನೆಗೆ ತಾಗೋದನ್ನ ಮಾತ್ರ ಹಿಡಿಯಬೇಕು, ಉಳಿದದ್ದನ್ನ ಪಕ್ಕಕ್ಕಿಡಬೇಕು. ಪ್ರಶ್ನೆ ನಲ್ಲೀದು. ಡಬ್ಬಿ ಊಟದ್ದು. ಆದ್ದರಿಂದ ಡಬ್ಬಿ ಪಕ್ಕಕ್ಕೆ."

ಅವಳು ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು. ಮಾತನ್ನೂ ಇಟ್ಟಳು.

ಶುಕ್ರವಾರ ಅವನು ರಜೆ ಹಾಕಿದ. ಸುರುಳಿ ಮೋಸ ಮಾಡಿತು, ಚೀಟಿ ಮಾಡದು ಎಂದುಕೊಂಡು, ಒಂದೊಂದು ಸಂಗತಿಯನ್ನು ಒಂದೊಂದು ಚೀಟಿಯಲ್ಲಿ ಬರೆದು ಕೆಳಗಿನಿಂದ ಮೇಲಿನವರೆಗೆ ಮೆಟ್ಟಿಲ ಗೋಡೆಗೆ ಅಂಟಿಸಿದ. ಎರಡು ಚೀಟಿ ಜೋಡಿಸಿ ಮೂರನೆಯದನ್ನು ಹುಟ್ಟಿಸುವುದು, ಹುಟ್ಟಿದ್ದನ್ನು ಮತ್ತೆ ಜೋಡಿಸುವುದು. ಮಿಷನ್ನಿನ ರೀತಿಯೇ ಹಾಗೆ, ಪ್ರತಿ ಸಂಗತಿಯೂ "ಇದು ಅಥವಾ ಅದು" ಎಂದೇ ಇರಬೇಕು, ಅದಕ್ಕೆ "ಅಥವಾ" ಇಲ್ಲದೆ ಅನ್ನ ಇಳಿಯದು. ಹನ್ನೊಂದು ಗಂಟೆಗೆಲ್ಲ ಗೋಡೆಯ ತುಂಬ ಚೀಟಿಯ ಸಂಸಾರ ಬೆಳೆಯಿತು. ದರ್ಜಿಯ ಬಾಗಿಲ ಪಕ್ಕದ ಚೀಟಿ ಹೀಗಿತ್ತು: "ದರ್ಜಿ ತನ್ನ ಅಂಗಡಿಗೆ ತಾನೇ ನೀರು ಬಿಟ್ಟುಕೊಂಡ ಅಥವಾ ಬೇರೆಯವರು ಬಿಟ್ಟರು." ಬುಧವಾರ ಮೆಟ್ಟಿಲಲ್ಲಿ ಯಾರ ಸದ್ದೂ ಕೇಳಿಲ್ಲ ಎಂದಿದ್ದ ನರ್ಸಮ್ಮನ ಮಹಡಿಯಲ್ಲಿ: "ಬುಧವಾರ ಮೂರು ಗಂಟೆಗೆ ನರ್ಸಮ್ಮ ನಿದ್ದೆಯಲ್ಲಿದ್ದರು ಅಥವಾ ನರ್ಸಮ್ಮ ಸುಳ್ಳು ಹೇಳುತ್ತಿದ್ದಾರೆ." ಅಧ್ಯಕ್ಷರ ಬಾಗಿಲೆದುರು: "ನಲ್ಲಿ ತೆರೆದವನು ನಾನು ಅಥವಾ ಅಧ್ಯಕ್ಷರು."

ತರ್ಕದ ದೃಷ್ಟಿಯಿಂದ ಇವುಗಳಲ್ಲಿ ಒಂದು ಕೂದಲೆಳೆಯಷ್ಟೂ ದೋಷವಿರಲಿಲ್ಲ. ಆದರೆ ಕಟ್ಟಡದ ಜನ ತರ್ಕದಿಂದ ಓದಲಿಲ್ಲ, ಕಣ್ಣಿನಿಂದ ಓದಿದರು. ಪ್ರತಿಯೊಬ್ಬರೂ "ಅಥವಾ" ಎಂಬುದರ ಯಾವ ಪಕ್ಕದಲ್ಲಿ ತಮಗೆ ಉರಿಯುತ್ತದೋ ಆ ಪಕ್ಕವನ್ನೇ ಓದಿಕೊಂಡರು.

"ನಾನು ಸುಳ್ಳುಗಾತೀನಾ?" ನರ್ಸಮ್ಮ ಚೀಟಿ ಕಿತ್ತು ಹಿಡಿದುಕೊಂಡು ಬಂದರು.

"ಅಥವಾ ನಿದ್ದೆಯಲ್ಲಿದ್ರಿ ಅಂತಾನೂ ಇದೆಯಲ್ಲ ನರ್ಸಮ್ಮ!"

"ಹಗಲು ಹೊತ್ತು ಮಲಗೋ ಸೋಮಾರೀನಾ ನಾನು?"

ದರ್ಜಿ ಕತ್ತರಿ ಹಿಡಿದೇ ಮೆಟ್ಟಿಲು ಹತ್ತಿದ. "ನಿನ್ನೆ ತಬ್ಬಿಕೊಂಡೆನಲ್ಲ ಅಣ್ಣಾ, ಅದನ್ನ ವಾಪಸ್ ಕೊಡಿ!" ಅಧ್ಯಕ್ಷರಿಗೆ ಮಾತೇ ಹೊರಡಲಿಲ್ಲ, ಸೀಟಿ ಹೊರಟಿತು, ಅದೂ ಮೂರು ಸಲ.

ಇಂಥ ಹೊತ್ತಿನಲ್ಲಿ ಸೂಟ್‌ಕೇಸ್ ಹಿಡಿದು ಬಂದವಳು ಆದ್ದರಿಂದಪ್ಪನ ಅಕ್ಕ. ಸುದ್ದಿ ಅವಳಿಗೆ ಯಾರೋ ಫೋನಿನಲ್ಲಿ ಮುಟ್ಟಿಸಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು. "ಲೋ, ತಪ್ಪು ಒಪ್ಪಿಕೊಂಡೆಯಂತೆ! ನಮ್ಮ ಮನೆತನದಲ್ಲಿ ಇವತ್ತಿನವರೆಗೂ ಯಾರಾದ್ರೂ ಏನನ್ನಾದ್ರೂ ಒಪ್ಪಿಕೊಂಡದ್ದುಂಟಾ? ಅಪ್ಪ ಸೈಕಲ್ಲನ್ನ ಬಾವಿಗೆ ಬೀಳಿಸಿದಾಗಲೂ ಬಾವಿಯೇ ಪಕ್ಕಕ್ಕೆ ಬಂತು ಅಂದಿದ್ರು!"

"ಅಕ್ಕಾ, ಒಪ್ಪಿಕೊಂಡಿಲ್ಲ. ಮೊದಲ ಸಾಲು ಯಾವಾಗಲೂ ಉಲ್ಟಾ. ಮೊದಲ ಸಾಲನ್ನ ಯಾರೂ ನಂಬಬಾರದು. ಕೊನೆಗೆ ವಿರೋಧ ಬರುತ್ತೆ, ಅದಕ್ಕೆ ಕಾಯಬೇಕು." ಇದನ್ನು ಅವನು ಅಕ್ಕನಿಗೆ ಹೇಳಿದ, ಅಕ್ಕ ನರ್ಸಮ್ಮನಿಗೆ ಹೇಳಿದಳು, ಅವನೇ ಹೋಗಿ ದರ್ಜಿಗೆ ಎರಡು ಸಲ, ಅಧ್ಯಕ್ಷರಿಗೆ ನಾಲ್ಕು ಸಲ ಹೇಳಿದ. ಸಂಜೆಯ ಹೊತ್ತಿಗೆ ಕಟ್ಟಡದ ಮಕ್ಕಳು ಕೂಡ ಮೆಟ್ಟಿಲ ಮೇಲೆ ಕೂತು "ನಾನು ಆನೆ ಎಂದಿಟ್ಟುಕೊಳ್ಳೋಣ, ವಿರೋಧ!" ಎಂದು ಆಡುತ್ತಿದ್ದರು.

ಚೀಟಿಗಳ ಸಾಲಿನ ತುದಿಯಲ್ಲಿ ಹೆಂಡತಿಯ ದುಂಡು ಅಕ್ಷರದ ಒಂದು ಚೀಟಿಯೂ ಇತ್ತು: "ಸ್ಟೀಲ್ ಡಬ್ಬಿ ಎಲ್ಲಿ ಸಿಕ್ಕಿತು ಅಂತ ನನ್ನನ್ನು ಕೇಳಿ." ಅವನು ಅದನ್ನು ಪ್ರೀತಿಯಿಂದ ಮಡಚಿ ಪಕ್ಕಕ್ಕಿಟ್ಟವುಗಳ ಕಟ್ಟಿಗೆ ಸೇರಿಸಿದ.

ಶನಿವಾರ ಬೆಳಿಗ್ಗೆ ಅವನು ಎಲ್ಲ ಚೀಟಿಗಳನ್ನೂ ಚೀಲದಲ್ಲಿ ತುಂಬಿಕೊಂಡು ಕಚೇರಿಗೆ ಹೋದ. ಮೇಡಂ ಇನ್ನೂ ಬಂದಿರಲಿಲ್ಲ. ಐವತ್ತಮೂರು ಸಂಗತಿಗಳನ್ನು ಒಂದೂ ಬಿಡದೆ ಟೈಪ್ ಮಾಡಿದ. ಕಚೇರಿಯ ಸಾಕ್ಷಿಯೂ ಇರಲೆಂದು ಹಾಜರಿ ಪುಸ್ತಕ ತೆರೆದು ಆ ವಾರದ ಬರಹವನ್ನೂ ಸಾಲು ಸಾಲಾಗಿ ಇಳಿಸಿದ. ತಾನು ಏನು ಟೈಪ್ ಮಾಡುತ್ತಿದ್ದೇನೆಂದು ಓದುವ ಅಭ್ಯಾಸ ಅವನಿಗೆ ಎಂಟು ತಿಂಗಳಿಂದಲೂ ಇರಲಿಲ್ಲ. ಕೊನೆಗೆ, ನೀರು ಬಿಟ್ಟವನು ಗುಮಾಸ್ತನೇ ಎಂದಿಟ್ಟುಕೊಂಡು, ಗುಂಡಿ ಒತ್ತಿದ. ಅವಸರದಲ್ಲಿ ಒಂದು ಮರೆತ. ಪ್ರಶ್ನೆಗೆ ತಾಗುವುದನ್ನು ಮಾತ್ರ ಹಿಡಿ ಎಂದು ಮಿಷನ್ನಿಗೆ ಹೇಳಲಿಲ್ಲ. ಅದು ಸಿಕ್ಕಿದ್ದನ್ನೆಲ್ಲ ಸಿಕ್ಕಿದ್ದರ ಜೊತೆ ಜೋಡಿಸತೊಡಗಿತು.

ಎರಡು ಸೆಕೆಂಡು. ಪ್ರಿಂಟರು ಕಿರ್ ಎಂದಿತು. "ವಿರೋಧ ಸಿಕ್ಕಿತು. ನೀರು ಬಿಟ್ಟವನು ಗುಮಾಸ್ತ ಅಲ್ಲ. ಸಾಧಿಸಲಾಯಿತು."

ಅವನು ಕುರ್ಚಿಯ ಮೇಲೆ ಹತ್ತಿ ಕುಣಿಯಲಿಲ್ಲ ಅಷ್ಟೆ, ಕುರ್ಚಿಗೆ ಚಕ್ರವಿತ್ತು. ಕಾಗದಕ್ಕೆ ವಿಭಾಗದ ಮೊಹರು ಒತ್ತಿ, ಆಗಷ್ಟೇ ಬಂದ ಮೇಡಂ ಮುಂದೆ ಹಿಡಿದ. ಮೇಡಂ ಕಥೆಯನ್ನೆಲ್ಲ ಕೇಳಿದರು. ಕೇಳುತ್ತ ಎರಡು ಸಲ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಕಾಗದ ನೋಡಿ ಹುಬ್ಬು ಗಂಟಿಕ್ಕಿದರು.

"ಎರಡೇ ಸೆಕೆಂಡಾ? ಎಲ್ಲಿ, ನೀರು ಬಿಟ್ಟವನು ಗುಮಾಸ್ತನೇ ಅಂತ ಸಾಧಿಸು ಅನ್ನಿ ನೋಡೋಣ."

"ಅದು ಹೇಗೆ ಸಾಧಿಸುತ್ತೆ ಮೇಡಂ, ನಾನಲ್ಲ ಅಂತ ಈಗಷ್ಟೇ..."

ಎರಡು ಸೆಕೆಂಡು. "ನೀರು ಬಿಟ್ಟವನು ಗುಮಾಸ್ತ. ಸಾಧಿಸಲಾಯಿತು."

"ಈಗ, ಅಧ್ಯಕ್ಷರು ಟೊಮೆಟೊ ಗಿಡ ಅಂತ ಸಾಧಿಸು ಅನ್ನಿ."

ಎರಡು ಸೆಕೆಂಡು. ಅಧ್ಯಕ್ಷರು ಟೊಮೆಟೊ ಗಿಡ, ಯಾವ ಸಂದೇಹವೂ ಇಲ್ಲದೆ. ಆದ್ದರಿಂದಪ್ಪ ಕುರ್ಚಿಯಲ್ಲಿ ಕುಸಿದ. ಕುರ್ಚಿ ಅವನನ್ನು ಕರೆದುಕೊಂಡು ಗೋಡೆಯವರೆಗೆ ಹೋಯಿತು.

"ನೀವು ಕೊಟ್ಟ ಸಂಗತಿಗಳೇ ಒಂದಕ್ಕೊಂದು ಹೊಡೆದಾಡ್ತಿವೆ ರೀ," ಎಂದರು ಮೇಡಂ. "ಬುನಾದಿಯಲ್ಲೇ ಹೌದು, ಇಲ್ಲ ಎರಡೂ ಕೂತಿದ್ರೆ, ಅದರ ಮೇಲೆ ಏನು ಬೇಕಾದ್ರೂ ಸಾಧಿಸಬಹುದು. ನೀವು ನನ್ನಜ್ಜಿ ಅಂತಲೂ ಸಾಧಿಸಬಹುದು. ಯಾವ ಸಾಲುಗಳು ಹೊಡೆದಾಡಿದವು ನೋಡೋಣ. ಮೂರು ಮತ್ತು ಅರವತ್ತೊಂದು. ಓದಿ."

ಅವನು ಓದಿದ. "ಮೂರು. ಬುಧವಾರ ಗುಮಾಸ್ತ ಐದು ಗಂಟೆಯವರೆಗೆ ಕಚೇರಿಯಲ್ಲಿರುತ್ತಾನೆ. ಅರವತ್ತೊಂದು. ಬುಧವಾರ ಗುಮಾಸ್ತ ಹನ್ನೆರಡೂವರೆಗೆ ಕಚೇರಿ..." ದನಿ ಇಳಿಯಿತು. "...ಬಿಟ್ಟ."

"ಕರೆಂಟ್ ಹೋಗಿತ್ತಲ್ಲ ಬುಧವಾರ. ನಾನೇ ನಿಮ್ಮನ್ನ ಮನೆಗೆ ಕಳಿಸಿದೆ. ಹಾಜರಿ ಪುಸ್ತಕದಲ್ಲಿ ಬರೆದವರೂ ನೀವೇ. ತಂತ್ರ ಮರೆತದ್ದೇ ಒಳ್ಳೇದಾಯ್ತು ನೋಡಿ, ಇಲ್ಲದಿದ್ರೆ ಮಿಷನ್ನು ಆ ಮೂಲೆಗೇ ಹೋಗ್ತಿರಲಿಲ್ಲ."

ಆಗ ಬುಧವಾರ ಪೂರ್ತಿಯಾಗಿ ಅವನ ಕಣ್ಣೆದುರು ಬಂತು. ಒಂದೂವರೆಗೆ ಮನೆಗೆ ಬಂದದ್ದು. ಹೆಂಡತಿಗೆ ಗೊತ್ತಾಗದಂತೆ ಗಿಡಗಳಿಗೆ ನೀರು ಹಾಕಿ ಅವಳನ್ನು ಬೆರಗುಗೊಳಿಸೋಣವೆಂದು ಸದ್ದಿಲ್ಲದೆ ತಾರಸಿಗೆ ಹೋದದ್ದು. ಟ್ಯಾಂಕಿನ ನೆರಳಲ್ಲಿ ಕೂತು ಊಟ ಮಾಡಿದ್ದು. ಸ್ಟೀಲ್ ಡಬ್ಬಿ ತೊಳೆಯಲು ನಲ್ಲಿ ತಿರುಗಿಸಿದ್ದು, ನೀರು ಬರದಿದ್ದದ್ದು, ಬಂದಾಗ ತುಂಬಲಿ ಎಂದು ಡಬ್ಬಿಯನ್ನು ನಲ್ಲಿಯ ಕೆಳಗಿಟ್ಟದ್ದು. ಅಷ್ಟರಲ್ಲಿ ಪ್ರಿಂಟರಿಗೆ ಕಾಗದವಿಲ್ಲ ಎಂಬುದು ಹೊಳೆದು, ಎದ್ದು ಊರ ಆ ತುದಿಯ ಕಾಗದದ ಅಂಗಡಿಗೆ ಹೋದದ್ದು.

ಆ ಸಂಜೆ ಅವನು ಮನೆಯಲ್ಲಿ ಒಂದೇ ಒಂದು ಸಲವೂ "ಆದ್ದರಿಂದ" ಎನ್ನಲಿಲ್ಲ. ಹೆಂಡತಿ ಹಣೆ ಮುಟ್ಟಿ ನೋಡಿದಳು. ಅಕ್ಕ, "ಇದು ದೃಷ್ಟಿಯಲ್ಲ, ತರ್ಕ ಬಡಿದಿರೋದು," ಎಂದಳು. ಅವನ ಜೇಬಿನಲ್ಲಿ ಮೊಹರು ಒತ್ತಿದ ಕಾಗದವಿತ್ತು: ಗುಮಾಸ್ತ ಅಲ್ಲ, ಸಾಧಿಸಲಾಯಿತು. ಅದನ್ನು ತೋರಿಸಿದರೆ ಮೊಹರಿಗೆ ಸೆಲ್ಯೂಟ್ ಹೊಡೆಯುವ ಅಧ್ಯಕ್ಷರು ಅಲ್ಲೇ ತಲೆಬಾಗುತ್ತಾರೆ, ಕುಂಡಗಳು ಉಳಿಯುತ್ತವೆ. ನಿಜ ಹೇಳಿದರೆ ಹನ್ನೆರಡಕ್ಕೆ ಇಬ್ಬರು ಆಳು. ಹೆಂಡತಿ ಒಳಗೆ ಮಗಳಿಗೆ, "ನಾಳಿದ್ದು ಮೊದಲ ಹಣ್ಣು ನೀನೇ ಕೀಳಬೇಕು," ಎನ್ನುತ್ತಿದ್ದಳು.

ಭಾನುವಾರ ಹನ್ನೊಂದಕ್ಕೆ ಸೀಟಿ ಆಯಿತು. ಮೆಟ್ಟಿಲ ಬುಡದ ಅಂಗಳದಲ್ಲಿ ಕುರ್ಚಿ ಹಾಕಿದ್ದರು. ಆದ್ದರಿಂದಪ್ಪ ಎದ್ದು ನಿಂತ. ಜೇಬಿಗೆ ಕೈ ಹಾಕಿ ಕಾಗದ ತೆಗೆದ, ಅದನ್ನು ನೋಡಿದ, ಹೆಂಡತಿಯನ್ನು ನೋಡಿದ. ಕಾಗದವನ್ನು ನಾಲ್ಕಾಗಿ ಮಡಚಿ ಮತ್ತೆ ಜೇಬಿಗಿಟ್ಟ.

"ನೀರು ಬಿಟ್ಟವನು ನಾನೇ," ಎಂದ.

ಸಭೆ ಆರಾಮವಾಗಿ ಕುರ್ಚಿಗೆ ಒರಗಿತು. ದರ್ಜಿ ಕಾಲ ಮೇಲೆ ಕಾಲು ಹಾಕಿದ. "ಹ್ಞಾಂ, ಮೊದಲ ಸಾಲು ಆಯ್ತು. ಮುಂದೆ?"

"ಮುಂದೆ ಇಲ್ಲ. ನಾನೇ ಬಿಟ್ಟೆ."

"ನೋಡಿ, ಎಷ್ಟು ಗಟ್ಟಿಯಾಗಿ ಇಟ್ಟುಕೊಳ್ತಾರೆ," ಎಂದು ನರ್ಸಮ್ಮ ಪಕ್ಕದವರಿಗೆ ಪಿಸುಗುಟ್ಟಿದರು. "ಮೊದಲ ಸಾಲನ್ನ ನಂಬಬಾರದು. ಅವರೇ ಹೇಳಿಕೊಟ್ಟಿದ್ದು."

"ನರ್ಸಮ್ಮ, ಇದು ಇಟ್ಟುಕೊಂಡದ್ದಲ್ಲ! ಒಪ್ಪಿಕೊಂಡದ್ದು!"

"ಶುಕ್ರವಾರ ಉಲ್ಟಾ ಹೇಳಿದ್ರಿ," ಎಂದ ದರ್ಜಿ. "ಒಪ್ಪಿಕೊಂಡದ್ದಲ್ಲ, ಇಟ್ಟುಕೊಂಡದ್ದು ಅಂತ. ಈಗ ಇಟ್ಟುಕೊಂಡದ್ದಲ್ಲ, ಒಪ್ಪಿಕೊಂಡದ್ದು ಅಂತೀರಿ. ಓಹೋ! ಇದೇ ವಿರೋಧ ಅಲ್ವಾ?"

"ವಿರೋಧ! ವಿರೋಧ!" ಎಂದು ಮಕ್ಕಳು ಚಪ್ಪಾಳೆ ತಟ್ಟಿದರು. ಅಕ್ಕ ಎದ್ದು, "ನನ್ನ ತಮ್ಮ ನಿರ್ದೋಷಿ! ಬಾವಿಯೇ ಪಕ್ಕಕ್ಕೆ ಬಂದಿತ್ತು!" ಎಂದು ಘೋಷಿಸಿದಳು.

"ಶಾಂತಿ!" ಅಧ್ಯಕ್ಷರು ಸೀಟಿ ಊದಿದರು. "ಅದು ಲೆಕ್ಕಕ್ಕಿಲ್ಲ. ನಿಜವಾದ ವಿರೋಧ ಕೊನೆಗೆ ಬರಬೇಕು ಅಂತ ನನಗೆ ನಾಲ್ಕು ಸಲ ಹೇಳಿದಾರೆ. ಕಾಯೋಣ." ಅವರು ಗಡಿಯಾರವನ್ನು ಅಂಗೈಯಲ್ಲಿಟ್ಟುಕೊಂಡರು. ಎಲ್ಲರೂ ಕಾದರು. ಹನ್ನೊಂದೂ ಇಪ್ಪತ್ತು. ಹನ್ನೊಂದೂವರೆ. ಆದ್ದರಿಂದಪ್ಪ ನಿಂತೇ ಇದ್ದ, ಅವನ ಬೆವರು ಮಾತ್ರ ಇಳಿಯುತ್ತಿತ್ತು. ಹನ್ನೊಂದೂ ಮುಕ್ಕಾಲಿಗೆ ಅಧ್ಯಕ್ಷರು ಅಭ್ಯಾಸಬಲದಿಂದ ಗಂಟಲು ಸರಿಮಾಡಿಕೊಂಡರು. "ದಯವಿಟ್ಟು ಗಮನಿಸಿ. ಬರಬೇಕಾದ ವಿರೋಧ ತಡವಾಗಿ ಬರುತ್ತಿದೆ."

ಆಗ ಹೆಂಡತಿ ಎದ್ದಳು. ಕೈಚೀಲದಿಂದ ಸ್ಟೀಲ್ ಡಬ್ಬಿ ತೆಗೆದು ಅಧ್ಯಕ್ಷರ ಮೇಜಿನ ಮೇಲಿಟ್ಟಳು. ಮುಚ್ಚಳದ ಮೇಲೆ ಗಂಡನ ಕರೆಂಟ್ ಬಿಲ್ಲಿನ ಹೆಸರು ಕೊರೆಸಿತ್ತು.

"ಬುಧವಾರ ನಾನು ನಲ್ಲಿ ಮುಚ್ಚೋಕೆ ಹೋದಾಗ ಇದು ನಲ್ಲಿ ಕೆಳಗಿತ್ತು. ತುಂಬಿತ್ತು," ಎಂದಳು. "ಇವರು ಇಟ್ಟುಕೊಂಡದ್ದಲ್ಲ. ಇಟ್ಟು ಬಂದದ್ದು. ಕುಂಡ ಇಳಿಸೋದಾದ್ರೆ ಇಳಿಸಿ. ಕಾಯಿ ಇರೋ ಗಿಡ, ಬುಡ ಹಿಡಿದು ಎತ್ತಿ."

ಆಳುಗಳಿಬ್ಬರೂ ಹಗ್ಗ ಹಿಡಿದು ಗೇಟಿನಲ್ಲಿ ನಿಂತಿದ್ದರು. ಅಧ್ಯಕ್ಷರು ಸೀಟಿಯನ್ನು ತುಟಿಗೆ ತಂದರು.

"ಒಂದ್ನಿಮಿಷ ಸಾರ್," ಎಂದು ದರ್ಜಿ ಕಾಲಿಳಿಸಿ ಎದ್ದ. "ಕುಂಡ ಇಳಿಸಿದ್ರೆ ಮುಂದಿನ ಸಲ ನನ್ನ ಕೋಟುಗಳನ್ನ ಎಲ್ಲಿ ಒಣಗಿಸೋದು? ಇಪ್ಪತ್ತನಾಲ್ಕನ್ನೂ ಆ ತಾಯಿ ಅದೇ ಕೋಲುಗಳಿಗೆ ಹಗ್ಗ ಕಟ್ಟಿ ಒಣಗಿಸಿ, ಇಸ್ತ್ರಿ ಹಾಕಿ, ಗುರುವಾರ ಸಂಜೆಗೇ ನನ್ನ ಕೈಗೆ ಕೊಟ್ಟಿದಾರೆ. ಬ್ಯಾಂಡಿನವರು ಹಾಕ್ಕೊಂಡು ಬಾರಿಸಿಯೂ ಆಯ್ತು. ನಂಗೆ ದೂರೇ ಇಲ್ಲ."

"ಗುರುವಾರವೇ ಆಯ್ತಾ?" ಅಧ್ಯಕ್ಷರ ಸೀಟಿ ತುಟಿಯಲ್ಲೇ ಉಳಿಯಿತು. "ಮತ್ತೆ ಶುಕ್ರವಾರ ಕತ್ತರಿ ಹಿಡಿದು ಓಡಾಡಿದ್ದು ಯಾಕೆ?"

"ಅದು ಕೋಟಿಗಲ್ಲ ಸಾರ್, ಅಥವಾಕ್ಕೆ."

ಅಧ್ಯಕ್ಷರು ತೀರ್ಪು ಕೊಟ್ಟರು. ಕುಂಡಗಳು ಇರತಕ್ಕದ್ದು. ತಾರಸಿಯ ಬೀಗದ ಕೈ ಇನ್ನು ಮುಂದೆ ಹೆಂಡತಿಯ ಕೈಯಲ್ಲಿರತಕ್ಕದ್ದು. ಮೆಟ್ಟಿಲ ಗೋಡೆಯ ಗೋಂದನ್ನು ಗಂಡ ಉಜ್ಜಿ ತೊಳೆಯತಕ್ಕದ್ದು. ಆದ್ದರಿಂದಪ್ಪ ಕೃತಜ್ಞತೆಯಿಂದ ಕೈ ಮುಗಿದು, "ಆದ್ದ..." ಎನ್ನುವಷ್ಟರಲ್ಲಿ ಸೀಟಿ ಊದಿ ಸಭೆ ಮುಗಿಸಿದರು.

ಸಂಜೆ ಇಬ್ಬರೂ ಗಿಡಕ್ಕೆ ನೀರು ಹಾಕಲು ತಾರಸಿಗೆ ಹೋದರು. ಅವನ ಬೆರಳುಗಳಿಗೆ ಇನ್ನೂ ಗೋಂದು ಅಂಟಿತ್ತು.

"ಬುಧವಾರದಿಂದಲೇ ನಿನಗೆ ಗೊತ್ತಿತ್ತಲ್ಲೇ. ನೇರವಾಗಿ ಹೇಳಬಾರದಿತ್ತಾ?"

"ನೀವೇ ಹೋಗಿ ದರ್ಜಿಯಣ್ಣನಿಗೆ ಹೇಳಿದ್ರೆ ಚೆನ್ನ ಅಂತ ಕಾದೆ. ನೆನಪಾಗಲಿ ಅಂತ ಡಬ್ಬಿ, ಡಬ್ಬಿ ಅಂತ ಬಡಕೊಂಡೆ. ನೀವು ಮಿಷನ್ನನ್ನ ಕೇಳಿದ್ರಿ, ನನ್ನನ್ನ ಕೇಳಲೇ ಇಲ್ವಲ್ಲ."

ಅವನು ತಲೆ ತಗ್ಗಿಸಿ ನಲ್ಲಿ ತಿರುಗಿಸಿದ. ಟ್ಯಾಂಕು ಖಾಲಿಯಿತ್ತು, ನೀರು ಬರಲಿಲ್ಲ. ಹಿಂದಕ್ಕೆ ತಿರುಗಿಸಿದ. ಆಗಲೂ ಬರಲಿಲ್ಲ. ಇನ್ನೊಂದು ಸಲ ಆ ಕಡೆ, ಇನ್ನೊಂದು ಸಲ ಈ ಕಡೆ ತಿರುಗಿಸಿ, ಕೈ ಬಿಟ್ಟು, ನಲ್ಲಿಯನ್ನು ಬಹಳ ಹೊತ್ತು ನೋಡಿದ.

"ಲೇ, ಈಗ ಇದು ತೆರೆದಿದೆಯೋ, ಮುಚ್ಚಿದೆಯೋ?"

ಹೆಂಡತಿ ಗಿಡದ ಬುಡ ಕೆದಕುತ್ತಿದ್ದವಳು ತಲೆಯೆತ್ತುವ ಮೊದಲೇ ಅವನ ಮುಖ ಬೆಳಗಿತು. ತಾರಸಿಯ ಅಂಚಿನವರೆಗೂ ಕೇಳುವ ದನಿಯಲ್ಲಿ ಅವನು ಹೇಳಿದ: "ಸರಿ, ಮುಚ್ಚಿದೆ ಎಂದಿಟ್ಟುಕೊಳ್ಳೋಣ!"

ಕೆಳಗಡೆ ದರ್ಜಿ ಅಂಗಡಿಯ ಷಟರು ಧಡಾರನೆ ಇಳಿದ ಸದ್ದು ಕೇಳಿಸಿತು.